ಕಂಡಕ್ಟರ್ ಮಾಲಾ ಕೊಟ್ಟ ಜವಾಬು

ಬೆಳಗಾವಿಯಿಂದ ಖಾನಾಪುರಕ್ಕ ಹೋಗೂ ಬಸ್ಸಿನ್ಯಾಗ ಒಮ್ಮೆ ಹತ್ತಿದವರು ಮಾಲಾನ ಮಾರಿ ಮರತಾರು, ದನಿ ಮಾತ್ರ ಮರಿಯೂದಿಲ್ಲ. "ಪುಢೇ ಚಲಾ, ಪುಢೇ ಚಲಾ! ಮುಂದ ಸರೀರಿ ಕಾಕಾ, ಬಾಗಲದಾಗ ನಿಂತು ಬೀಗರನ್ನ ಎದುರುಗೊಳ್ಳಾಕತ್ತೀರೇನು?" ಅಂತ ಒಂದ ಉಸರಿನ್ಯಾಗ ಮರಾಠಿ, ಕನ್ನಡ ಎರಡೂ ಒಗದ್ಲಂದ್ರ ಎಂಥಾ ಮೊಂಡ ಆಳೂ ನಾಕ ಹೆಜ್ಜಿ ಮುಂದ ಸರೀತಾನ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲಂತೂ ಕೇಳಬ್ಯಾಡ್ರಿ. ಟಿಳಕವಾಡಿ ದಾಟೂದ್ರಾಗ ಬಸ್ ತುಂಬಿರ್ತೈತಿ, ಪಿರನವಾಡಿಗೆ ಉಸರಾಡಾಕ ಜಾಗಾ ಇರೂದಿಲ್ಲ. ಅಂಥಾದ್ರಾಗೂ ಆಕಿ ಬಸರಿ ಹೆಂಗಸಿಗೆ ಸೀಟ ಕೊಡಸ್ತಾಳ, ಕುಡದು ಬಂದಾವನ್ನ ಮುಂದಿನ ಸ್ಟಾಪಿಗೆ ಕೈ ಹಿಡದು ಇಳಸ್ತಾಳ. ಯಾರಿಗೂ ಬೈಯೂದಿಲ್ಲ, ಯಾರ ಕಡಿಂದೂ ಬೈಸಿಕೊಳ್ಳೂದೂ ಇಲ್ಲ.

ಈ ದನಿ ಬಸ್ಸಿನ್ಯಾಗ ಹುಟ್ಟಿದ್ದಲ್ಲ. ಮಾಲಾ ಹುಟ್ಟಿದ್ದು ಖಾನಾಪುರದಿಂದ ಬೀಡಿ ಗ್ರಾಮದ ಕಡಿ ಹೋಗೂ ದಾರ್ಯಾಗಿನ ಒಂದು ಸಣ್ಣ ಊರಾಗ, ಹಾಲುಮತದವರ ಮನಿಯಾಗ. ಅಜ್ಜನ ಕಾಲಕ್ಕ ಬರೇ ಕುರಿ ಇದ್ದುವು, ಅಪ್ಪನ ಕಾಲಕ್ಕ ಅರ್ಧ ಕುರಿ ಅರ್ಧ ಹೊಲ ಆತು, ಮಾಲಾನ ಕಾಲಕ್ಕ ಪಗಾರ ಬಂತು. ಅಪ್ಪ ಲಗೂನ ತೀರಿಕೊಂಡ. ಅವ್ವ ಸಾವಂತ್ರವ್ವ ಮಗಳನ್ನ ಕರಕೊಂಡು ಅಣ್ಣ ಬಂಡೆಪ್ಪನ ಆಸರಕ್ಕ ಬಂದ್ಲು. ಬಂಡೆಪ್ಪ ಊರಿಗೆ ಹಿರ್ಯಾ, ಡೊಳ್ಳಿನ ಮ್ಯಾಳಕ್ಕ ಮುಂದಾಳು. ಸೋದರ ಸೊಸಿ ಕೂಗಿದ್ರ ಗುಡ್ಡದಾಚೆ ಕುರಿ ತಿರುಗಿ ನೋಡ್ತಾವ ಅಂತ ಗೊತ್ತಾದ ದಿನಾನ ಆಕೀನ ಮ್ಯಾಳಕ್ಕ ಸೇರಿಸಿಕೊಂಡ. ಹೆಣ್ಣು ಹುಡುಗಿ ಡೊಳ್ಳಿನ ಮುಂದ ನಿಂತು ಹಾಡೂದಾ ಅಂತ ಮೂಗು ಮುರದವರಿಗೆ, "ನಿಮ್ಮ ಮೂಗು, ನೀವ ಮುರಕೋರಿ" ಅಂದ.

ಡೊಳ್ಳಿನ ಹಾಡಿಕಿಯೊಳಗ ಎರಡು ಪಕ್ಷ ಇರ್ತಾವ. ಗಂಡು ಹೆಚ್ಚು ಅನ್ನಾವ್ರು ಹರದೇಶಿ, ಹೆಣ್ಣು ಹೆಚ್ಚು ಅನ್ನಾವ್ರು ನಾಗೇಶಿ. ಒಂದು ಪಕ್ಷ ಪದದಾಗ ಸವಾಲು ಒಗೀಬೇಕು, ಇನ್ನೊಂದು ಪಕ್ಷ ಪದದಾಗ ಜವಾಬು ಕೊಡಬೇಕು. ಜವಾಬು ಕೊಡದ ಎದ್ದು ಹ್ವಾದಾವ್ರು ಸೋತಾಂಗ. ಬಂಡೆಪ್ಪನ ಮ್ಯಾಳದಾಗ ಅದಕ್ಕೊಂದು ಕಟ್ಟಳಿ ಇತ್ತು. ಸವಾಲಿನ್ಯಾಗ ಒಂದು ಖರೇ ಮಾತು ಇದ್ರ ಮೊದಲ ಅದನ್ನ ಒಪ್ಪಬೇಕು, ಆಮ್ಯಾಲ ತನ್ನ ಮಾತು ಹೇಳಬೇಕು. "ಖರೇ ನುಂಗಿ ಜವಾಬು ಕೊಟ್ಟಾಂವ ಹಾಡಿದ್ರೂ ಮೂಕನ" ಅಂತಿದ್ದ ಮುದುಕ. ಮಾಲಾ ಈ ಪಾಠನ ಸಣ್ಣಾಕಿ ಇದ್ದಾಗ ಕಲತ್ಲು, ಬಿಟ್ಟಿದ್ದಿಲ್ಲ.

ಶಿವಲಿಂಗ ಬಾಜು ಊರಿನ ಹರದೇಶಿ ಮ್ಯಾಳದಾಂವ. ಆಳು ನೆಟ್ಟಗ, ಮೀಸಿ ಚಂದ, ಕೊರಳಂತೂ ಜೇನು. ಅಂವ ಸವಾಲು ಒಗಿಯೂದು, ಈಕಿ ಜವಾಬು ಕೊಡೂದು, ಜನಾ ಹೋ ಅಂತ ಟಾವೆಲ್ ಬೀಸೂದು. ಹಿಂಗ ಮೂರನಾಕು ಹಾಡಿಕಿ ಆಗೂದ್ರಾಗ ಕೇಳೂವ್ರಿಗೆ ಗೊತ್ತಾತು, ಇವರಿಬ್ಬರ ಜಗಳ ಪದದಾಗಿನ ಜಗಳಲ್ಲ, ಲಗ್ನದ ತಯಾರಿ ಅಂತ. ಲಗ್ನ ಆತು. ಪಿಯುಸಿ ಪಾಸಾದ ಹೆಂತಿಗೆ ಕಂಡಕ್ಟರ್ ನೌಕರಿಗೆ ಅರ್ಜಿ ಹಾಕಿಸಿದಾಂವನೂ ಅಂವನ. ನೌಕರಿ ಬಂದ ದಿನಾ ಬೆಳಗಾವಿಗೆ ಹೋಗಿ ಕುಂದಾ ತಂದು ಊರಿಗೆಲ್ಲ ಹಂಚಿದ. ಸುಳ್ಳ ಯಾಕ ಹೇಳೂದು, ಖರೇ ಅಂದ್ರ ಖರೇ. ಆ ದಿನಾ ಅಂವ ಹಿಗ್ಗಿದ್ದು ಮನಸಿನಿಂದ.

ಕೆಟ್ಟದ್ದು ಆಮ್ಯಾಲ. ಮಂದಿ ಅವಗ "ಕಂಡಕ್ಟರನ ಗಂಡ" ಅನ್ನಾಕ ಹತ್ತಿದ್ರು. ಮ್ಯಾಳದಾಗ ಹುಲಿ ಹಂಗ ತಿರಗಿದಾಂವಗ ಆ ಹೆಸರು ಅಂಗಿಯೊಳಗಿನ ಜಾಲಿಮುಳ್ಳು ಆತು. ಮಾಲಾನ ಕಡೀ ಟ್ರಿಪ್ ಮುಗಿಯೂದು ತಡಾ ಆಗೂದು, ಮನಿಯಾಗ ಮಾತು ಕಡಿಮಿ ಆಗೂದು. ಖಾನಾಪುರದಾಗ ಕಾಂತಾ ಅನ್ನಾಕಿ ಒಬ್ಬಾಕಿ ಆರ್ಕೆಸ್ಟ್ರಾದಾಗ ಹಾಡ್ತಿದ್ಲು. ಶಿವಲಿಂಗ ಮೊದಲ ಆಕೀ ಜೋಡಿ ಹಾಡಾಕ ಹ್ವಾದ, ಆಮ್ಯಾಲ ಆಕೀ ಮನಿಯಾಗ ಉಳದ, ಕಡೀಕ ಒಂದು ದಿನಾ ಫೋನ್ ಮಾಡಿ, "ಮಾಲಾ, ನನಗ ನಿನ್ನ ಜೋಡಿ ಆಗೂದಿಲ್ಲ ಬಿಡು" ಅಂದ. ಹೆಂತಿ ಮುಂದ ನಿಂತು ಹೇಳೂ ಧೈರ್ಯ ಆ ಹುಲಿಗೆ ಇರಲಿಲ್ಲ ನೋಡ್ರಿ!

ಮಾಲಾ ಅತ್ಲು. ಅಳೂದ್ರಾಗ ಎಂಥಾ ಮುಚ್ಚುಮರಿ? ಡಿಪೋದಾಗ ಖಾಲಿ ಬಸ್ಸಿನ ಹಿಂದಿನ ಸೀಟಿನ್ಯಾಗ ಕುಂತು ಬಾಯಿ ಬಿಟ್ಟು ಅತ್ಲು. ಡ್ರೈವರ್ ಗುರುಸಿದ್ದ ಚಾ ತಂದು ಸೀಟಿನ ಮ್ಯಾಲ ಇಟ್ಟು ಇಳದು ಹ್ವಾದ. ಮುಂದ ಬೆಳಗಾವಿ ಕೋರ್ಟಿನ್ಯಾಗ ಇಬ್ಬರೂ ಒಪ್ಪಿ ಬಿಡುಗಡಿ ತಗೊಂಡ್ರು. ಮಾಲಾ ಮಚ್ಛೆದಾಗ ಎರಡು ಖೋಲಿ ಮನಿ ಹಿಡದು ಅವ್ವನ್ನ ಕರಿಸಿಕೊಂಡ್ಲು. ದಿನಾ ಹೋದಂಗ ಎದಿ ಹಗರ ಆತು. ಡ್ಯೂಟಿ, ಮನಿ, ಐತವಾರ ಅವ್ವನ ಕೈಯಾನ ಝುಣಕಾ-ರೊಟ್ಟಿ, ಇಷ್ಟಕ್ಕ ಆಕೀ ಸಂಸಾರ ಚಲೋನ ನಡದಿತ್ತು.

ಅಷ್ಟೊತ್ತಿಗೆ ಬಂತು ನೋಡ್ರಿ ಆ ಹಾಡು.

ನಮ್ಮ ಕಡಿ ಈಗ ಲವ್ ಫೇಲ್ ಆತಂದ್ರ ಮೊದಲ ಸ್ಟುಡಿಯೋಕ್ಕ ಹೋಗ್ತಾರ, ಆಮ್ಯಾಲ ಅಳ್ತಾರ. ಶಿವಲಿಂಗನೂ ಹಂಗ ಮಾಡಿದ. ಡೊಳ್ಳಿನ ಧಾಟಿಗೆ ಡಿಜೆ ಬಡತ ಹಚ್ಚಿ ಒಂದು ಹಾಡು ಬಿಟ್ಟ.

"ಖಾಕಿ ತೊಟ್ಟ ದಿನದಿಂದ ನನ್ನ ಖಬರ ಬಿಟ್ಯಲ್ಲ,
ಸೀಟಿ ಊದಿ ನಡು ದಾರ್ಯಾಗ ನನ್ನ ಇಳಿಸಿದ್ಯಲ್ಲ,
ತಾಟ ಹಚ್ಚಿ ಕಾದೀನಿ, ಬರಲಿಲ್ಲ ನೀ ಊಟಕ್ಕ,
ಬಿಟ್ಟು ಹ್ವಾದಿ ಗೆಳತಿ, ನಾ ಬಿದ್ದೀನಿ ಗೋಳಾಟಕ್ಕ."

ಹೆಸರು ಹೇಳಿದ್ದಿಲ್ಲ. ಹೇಳಬೇಕಾಗಿದ್ದೂ ಇಲ್ಲ. ಖಾಕಿ ತೊಟ್ಟು ಸೀಟಿ ಊದೂ, ಡೊಳ್ಳಿನ ಪದಾ ಹಾಡಿದ ಹೆಣ್ಣುಮಗಳು ಆ ತಾಲೂಕಿನ್ಯಾಗ ಎಷ್ಟು ಮಂದಿ ಇದ್ದಾರು? ಹಾಡು ಹಬ್ಬಿತು ಅಂದ್ರ ಹೆಂಗ ಹಬ್ಬಿತು! ಕಬ್ಬಿನ ಟ್ರ್ಯಾಕ್ಟರಿನ್ಯಾಗ ಅದ, ಅರಿಷಿಣ ಹಚ್ಚೂ ಮನಿಯಾಗ ಅದ, ಜಾಂಬೋಟಿ ಕಡಿ ಭತ್ತಾ ನಾಟಿ ಮಾಡೂ ಹೆಣ್ಣುಮಕ್ಕಳ ಮೊಬೈಲಿನ್ಯಾಗ ಅದ. ಒಂದು ದಿನಾ ಮಾಲಾನ ಬಸ್ಸಿನ್ಯಾಗನ ಹಿಂದಿನ ಸೀಟಿನ ಕಾಲೇಜ್ ಹುಡುಗರು ಅದನ್ನ ಹಚ್ಚಿದ್ರು. ಒಬ್ಬಾಂವ ಆಕೀ ಕಡಿ ನೋಡಿ ಕಿಸಕ್ಕಂದ. ಮುಂದ ಕುಂತ ಮುದುಕಿ ಒಬ್ಬಾಕಿ ಖರೇನ ಕನಿಕರದಿಂದ ಆಕೀ ಕೈ ಹಿಡದು, "ಯಾಕವ್ವಾ, ಪಾಪ, ಅಂಥಾ ಗಂಡನ್ನ ಯಾಕ ಬಿಟ್ಟಿ?" ಅಂತ ಕೇಳಿದ್ಲು. ಹುಡುಗರ ನಗಿ ಮಾಲಾಗ ತಟ್ಟಲಿಲ್ಲ. ಮುದುಕಿ ಕನಿಕರ ಕರಳಿಗೆ ತಟ್ಟಿತು.

ಬಿಟ್ಟು ಹ್ವಾದಾಂವ ಅಂವ. ಬಿಟ್ಟಾಕಿ ಅನ್ನೂ ಹೆಸರು ಈಕೀದು. ತಾ ಕಳ್ಳ ಪರರ ನಂಬ ಅಂತಾರಲ್ಲ, ಹಂಗಾತು. ಗಡಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಾಕ ಆಗೂದಿಲ್ಲ. ಆದ್ರ ಮಾಲಾನ ಸಿಟ್ಟು ಮತ್ತೊಂದಿತ್ತು. ಮ್ಯಾಳದಾಗ ಎದುರು ನಿಂತು ಈ ಸವಾಲು ಒಗದಿದ್ರ ಆಕಿ ಅಲ್ಲೇ ಜವಾಬು ಕೊಡ್ತಿದ್ಲು. ಇಂವ ಸ್ಟುಡಿಯೋದಾಗ ಬಾಗಲಾ ಹಾಕ್ಕೊಂಡು ಸವಾಲು ಒಗದಿದ್ದ. ಜವಾಬು ಕೊಡಾಕ ಜಾಗಾನ ಇಟ್ಟಿದ್ದಿಲ್ಲ. ಜವಾಬಿಲ್ಲದ ಸವಾಲು ಖರೇ ಆಗಿ ಉಳೀತೈತಿ ಅನ್ನೂದು ಆಕೀಗೆ ಗೊತ್ತಿತ್ತು. ಅದಕ್ಕ, ಎಲ್ಲಿ ಹೆಂಗ ಅಂತ ಗೊತ್ತಿರದಿದ್ರೂ, ಜವಾಬು ಕೊಡೂದು ಅಂತ ಮಾತ್ರ ಪಕ್ಕಾ ಮಾಡಿಕೊಂಡ್ಲು.

ಮೊದಲ ಕಟ್ಟಿದ ಪದಾ ಬರೇ ಬೈಗಳು. ಖಾನಾಪುರ ಸ್ಟ್ಯಾಂಡಿನ್ಯಾಗ ಬಸ್ ನಿಂತಾಗ ಗುರುಸಿದ್ದನ ಮುಂದ ಹಾಡಿ ತೋರಿಸಿದ್ಲು.

"ಬ್ರೇಕಿಲ್ಲದ ಬಂಡಿ ನೀ, ಗಾಳಿ ಹ್ವಾದ ಟಾಯರ್ ನೀ,
ಉಪ್ಪಿಲ್ಲದ ಸಾರು ನೀ, ಊರ ಮುಂದಿನ ಗಟಾರ ನೀ..."

ಗುರುಸಿದ್ದ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ನಕ್ಕ. "ಅಕ್ಕಾ, ಇದನ್ನ ಬಿಡು, ಅಂವ ಊರ ಬಿಡತಾನ" ಅಂದ. ಟಿಳಕವಾಡಿದಾಗ ಸ್ಟುಡಿಯೋ ಇಟ್ಟ ಸಂಜಯ ಗುರುಸಿದ್ದನ ಗೆಳೆಯಾ. ಅಂವನೂ ಕೇಳಿ ಕುಣದಾಡಿದ. "ಮ್ಯಾಡಂ, ಗಟಾರ ಅನ್ನೂ ಜಾಗಾದಾಗ ಇನ್ನೊಂದೀಟು ಖಾರ ಹಾಕ್ರಿ. ಜನಾ ಜಗಳ ನೋಡ್ತಾರ್ರಿ, ಪದಾ ಯಾರು ಕೇಳ್ತಾರ?" ಅಂದ. ಮಾಲಾ ಮೈಕಿನ ಮುಂದ ನಿಂತ್ಲು. ಬಡತ ಶುರು ಆತು. ಬಾಯಿ ತಗದ್ಲು, ಮತ್ತ ಮುಚ್ಚಿದ್ಲು. "ತಾಟ ಹಚ್ಚಿ ಕಾದೀನಿ" ಅನ್ನೂದು ಆ ಹೊತ್ತಿಗೆ ನೆನಪಾತು. ಅದೊಂದು ಸಾಲು ಖರೇ ಇತ್ತು. ಶಿವಲಿಂಗ ತಾನ ಅಡಗಿ ಮಾಡಿ, ಎರಡು ತಾಟು ಹಚ್ಚಿ ಆಕೀ ದಾರಿ ಕಾದಿದ್ದ. ಬಸ್ ಕೆಟ್ಟು ಆಕಿ ತಡಾ ಮಾಡಿದಾಗ ಆರಿದ ರೊಟ್ಟಿ ಮುಂದ ಹಂಗ ಕುಂತಿದ್ದ. ಒಂದು ದಿನಾ ಅಲ್ಲ, ಭಾಳ ದಿನಾ. ಅದನ್ನ ನುಂಗಿ ಗಟಾರ ಅಂದ್ರ ಬಂಡೆಪ್ಪನ ಶಿಷ್ಯಳು ಹೆಂಗಾದೇನು ಅಂತ ಆಕೀಗೆ ಅನಿಸಿತು. "ಇವತ್ತ ಬ್ಯಾಡ್ರಿ ಸಂಜಯ ಅವರ" ಅಂತ ಹೇಳಿ ಹೊರಗ ಬಂದ್ಲು.

ಮನಿಗೆ ಬಂದು ಅವ್ವನ ಮುಂದ ಎಲ್ಲಾ ಹೇಳಿದ್ಲು. ಸಾವಂತ್ರವ್ವ ಹಂಚಿನ ಮ್ಯಾಲಿನ ರೊಟ್ಟಿ ತಿರುವುತ್ತ, "ಚಲೋ ಮಾಡಿದಿ. ಬೈದ್ರ ಬಾಯಿ ಹೊಲಸು. ಕ್ಷಮಾ ಮಾಡಿಬಿಡು ಮಗಳ, ದೊಡ್ಡಾಕಿ ಆಗ್ತಿ" ಅಂದ್ಲು.

"ಕ್ಷಮಾ ಮಾಡಾಕ ನಂದೇನೂ ಅಡ್ಡಿಲ್ಲವಾ. ನನ್ನ ಎದಿಯಾಗ ಅವನ ಸಿಟ್ಟು ಹೊತ್ತುಕೊಂಡು ತಿರಗೂದು ನನಗೂ ಸಾಕಾಗೈತಿ" ಅಂದ್ಲು ಮಾಲಾ.

"ಅಷ್ಟ ಮತ್ತ. ಹೆಣ್ಣಿಗೆ ತನ್ನದು ಅಂತ ಒಂದು ಮನಿ ಬೇಕು. ನಾ ಇನ್ನೆಷ್ಟು ದಿನಾ ಇರ್ತೀನಿ?" ಅಂತ ಸಾವಂತ್ರವ್ವ ಸೆರಗಿನಿಂದ ಮಾರಿ ಒರಿಸಿಕೊಂಡ್ಲು. ಮಾಲಾ ಅದನ್ನ ಮುದುಕೀ ದಿನದ ಮಾತು ಅಂತ ತಿಳಕೊಂಡು ರೊಟ್ಟಿ ಮುರಕೊಂಡ್ಲು. ಶಿವಲಿಂಗನ ಗಂಟುಮೂಟಿ ಕಾಂತಾ ಹೊರಗ ಇಟ್ಟಾಳ, ಅಂವ ಈಗ ಒಬ್ಬನ ಇದ್ದಾನ ಅನ್ನೂ ಸುದ್ದಿ ಅವ್ವನ ಕಿವಿಗೆ ಬಿದ್ದದ್ದು ಆಕೀಗೆ ಗೊತ್ತಿದ್ದಿಲ್ಲ. ಅವ್ವ ಆ ಸುದ್ದಿ ಹಿಡಕೊಂಡು ಅಣ್ಣನ ಜೋಡಿ ಮಾತಾಡಿದ್ದಂತೂ ಗೊತ್ತಾ ಇದ್ದಿಲ್ಲ.

ಹದಿನೈದು ದಿನಾ ಆದ ಮ್ಯಾಲ ಬಂಡೆಪ್ಪನ ಫೋನು ಬಂತು. ಊರಾಗ ಹೊಸಾ ಸಮುದಾಯ ಭವನ ಕಟ್ಟ್ಯಾರ, ಐತವಾರ ಮಧ್ಯಾಹ್ನ ಅದರ ಉದ್ಘಾಟನಿ, ಆಮ್ಯಾಲ ಹರದೇಶಿ-ನಾಗೇಶಿ ಹಾಡಿಕಿ. ಹರದೇಶಿ ಕಡಿಂದ ಶಿವಲಿಂಗ ಬರ್ತಾನ. "ಅಂವ ಆ ಹಾಡು ಹಾಡಾಂವನ, ಜನಾ ಬಿಡೂದಿಲ್ಲ. ನೀ ಬರ್ತೀಯೇನು?" ಅಂತ ಕೇಳಿದ ಮುದುಕ.

"ಬರ್ತೀನಿ ಮಾವಾ. ರಜಾ ಹಾಕೀನಿ ಅಂತ ತಿಳೀರಿ" ಅಂದ್ಲು ಮಾಲಾ. ಅಂಜಿಕಿ ಇದ್ದಿಲ್ಲ. ಖರೇ ಹೇಳ್ಬೇಕಂದ್ರ ಹಿಗ್ಗ ಆಗಿತ್ತು. ಕಡೀಕೂ ಸವಾಲು ತನ್ನ ಜಾಗಾಕ್ಕ ಬಂದಿತ್ತು.

ಐತವಾರ ಭವನ ಕಿಕ್ಕಿರದಿತ್ತು. ಹೊಸಾ ಬಣ್ಣದ ವಾಸನಿ, ಹೂವಿನ ಮಾಲಿ ವಾಸನಿ, ಹೊರಗ ಪಲಾವಿನ ವಾಸನಿ. ಸಾಹೇಬರು ರಿಬ್ಬನ್ ಕತ್ತರಿಸಿ, ಭಾಷಣ ಮುಗಿಸಿ ಹ್ವಾದ್ರು, ಆಗ ಮಂದಿ ಖರೇನ ಮುಂದ ಸರದು ಕುಂತ್ರು. ಶಿವಲಿಂಗ ಬಿಳಿ ಧೋತರ ಉಟ್ಟು, ಹಳದಿ ಪಟಕಾ ಸುತ್ತಿಕೊಂಡು ಎದ್ದು ನಿಂತ. ಸೊರಗಿದ್ದ. ಮಾಲಾ ಅವನ್ನ ಕೋರ್ಟಿನ ನಂತರ ನೋಡಿದ್ದು ಇದ ಮೊದಲು. ಎದಿ ಒಂದ ಸಲ ಝಲ್ ಅಂದಿದ್ದು ಖರೇ, ಆಮ್ಯಾಲ ತನ್ನಷ್ಟಕ್ಕ ತಾ ಸುಮ್ಮನಾತು. ಅಂವ ಹಾಡಿದ. ಡಿಜೆ ಇಲ್ಲದ, ಬರೇ ಡೊಳ್ಳಿಗೆ ಹಾಡಿದಾಗ ಹಾಡು ಇನ್ನೂ ಚಂದ ಇತ್ತು. "ಬಿಟ್ಟು ಹ್ವಾದಿ ಗೆಳತಿ" ಅನ್ನೂದಕ್ಕ ಭವನಕ್ಕ ಭವನಾನ ದನಿಗೂಡಿಸಿತು. ಹುಡುಗರು ಸೀಟಿ ಹೊಡದ್ರು, ಹೆಣ್ಣುಮಕ್ಕಳು ಮಾಲಾನ ಕಡಿ ನೋಡಿ ಕಣ್ಣು ಕೆಳಗ ಮಾಡಿದ್ರು.

ಮಾಲಾ ಎದ್ಲು. ಹಸರ ಇಳಕಲ್ ಸೀರಿ ಸೆರಗು ನಡಕ್ಕ ಸಿಗಿಸಿದ್ಲು. ತಾಳದಾವರಿಗೆ ಸಾವಕಾಶ ಅಂತ ಕೈ ಮಾಡಿ ಶುರು ಮಾಡಿದ್ಲು.

"ತಾಟ ಹಚ್ಚಿ ಕಾದದ್ದು ಖರೇ ಐತಿ, ನಾ ಒಪ್ಪೀನಿ,
ಆರಿದ ರೊಟ್ಟಿ ಮುಂದ ಕುಂತಿದ್ದಿ, ಅದನ್ನೂ ನೆನಪಿಟ್ಟೀನಿ,
ಮತ್ತೊಬ್ಬರ ಮನಿ ತಾಟಿಗೆ ನೀ ಎದ್ದು ನಡದಿದ್ದಿ,
ನಾ ಬಂದು ಬಾಗಲ ಬಡದಾಗ ಹೇಳು, ನೀ ಎಲ್ಲಿದ್ದಿ?"

ಶಿವಲಿಂಗ ಪಟಕಾದ ಚುಂಗು ತಿರುವುತ್ತ ನಿಂತ. ಇನ್ನೇನು ಈಕಿ ಬೈತಾಳ ಅಂತ ಎಲ್ಲಾರೂ ಕಿವಿ ಚೂಪ ಮಾಡಿಕೊಂಡ್ರು. ಮಾಲಾ ದನಿ ಇನ್ನೂ ಒಂದೀಟು ಎತ್ತಿದ್ಲು.

"ಅತ್ತದ್ದು ಅತ್ತಾತು, ಕಣ್ಣೊರಿಸಿ ಕೆಲಸಕ್ಕ ನಿಂತೀನಿ,
ಬೈದದ್ದು ಬೈದಾತು, ಬಾಯಿ ತೊಳಕೊಂಡು ಬಂದೀನಿ,
ನಿನ್ನ ತಪ್ಪ ಹೊತಗೊಂಡು ನಾ ಎಷ್ಟಂತ ನಡದೇನು?
ಇಲ್ಲೇ ಇಳಿಸಿ ಹೋಗತೀನಿ, ಸುಖದಿಂದ ಇರು ನೀನು."

ಕಡೀ ಸಾಲು ಮೂರು ಸಲ ಹಾಡಿದ್ಲು. ಮೂರನೇ ಸಲಕ್ಕ ಹೆಣ್ಣುಮಕ್ಕಳು ದನಿಗೂಡಿಸಿದ್ರು. ಯಾರೋ ಒಬ್ಬಾಕಿ ಬಿಕ್ಕಿ ಬಿಕ್ಕಿ ಅತ್ಲು. ಆಕೀಗೆ ತನ್ನದೇನೋ ನೆನಪಾಗಿರಬೇಕು. ಡೊಳ್ಳು ನಿಂತ ಮ್ಯಾಲ ಭವನ ಹಾರಿಹೋಗೂ ಹಂಗ ಚಪ್ಪಾಳಿ ಬಿತ್ತು. ಮಾಲಾ ಮುಗೀತು ಅಂದುಕೊಂಡ್ಲು. ಜವಾಬು ಕೊಟ್ಟಾತು, ಇನ್ನ ಪಲಾವ ಉಂಡು ಬಸ್ ಹತ್ತೂದು ಅಂತ ನೀರಿನ ತಂಬಿಗಿಗೆ ಕೈ ಹಾಕಿದ್ಲು.

"ಹೊಂದಾಣಿಕಿ ಆತು!" ಅಂತ ಬಂಡೆಪ್ಪ ಕೋಲು ಎತ್ತಿ ಕೂಗಿದ. "ಹೆಣ್ಣುಮಗಳು ಕ್ಷಮಾ ಮಾಡ್ಯಾಳ. ಇನ್ನ ತಡಾ ಯಾಕ? ಸಾವಂತ್ರಾ, ತಾ!"

ಸಾವಂತ್ರವ್ವ ಹೆಣ್ಣುಮಕ್ಕಳ ನಡಕಿಂದ ಎದ್ದು ಬಂದು ಒಂದು ಕರಿ ಕಂಬಳಿ ಬಿಚ್ಚಿ, ಭವನದ ನಟ್ಟನಡುವ ಹಾಸಿದ್ಲು. ಮಾಲಾನ ಅಪ್ಪನ ಕಂಬಳಿ ಅದು. ಹಾಲುಮತದಾಗ ಲಗ್ನಕ್ಕ ಗಂಡ-ಹೆಣ್ಣು ಕುಂದ್ರೂದು ಕಂಬಳಿ ಮ್ಯಾಲ, ಮುರದ ಸಂಸಾರ ಕೂಡಸೂದೂ ಕಂಬಳಿ ಮ್ಯಾಲ. ಇಬ್ಬರೂ ಒಂದ ಕಂಬಳಿ ಮ್ಯಾಲ ಕುಂತು, ಹೆಣ್ಣಿನ ಉಡಿಯಾಗ ಅಕ್ಕಿ-ಕಾಯಿ ಬಿತ್ತಂದ್ರ ಮುಗೀತು, ಕೋರ್ಟಿನ ಕಾಗದ ಏನ ಹೇಳ್ಲಿ, ಊರ ಕಣ್ಣಾಗ ಅವರು ಗಂಡ-ಹೆಂತಿ. ಸಾವಂತ್ರವ್ವನ ಕೈಯಾಗ ತೆಂಗಿನಕಾಯಿ, ಕುಬಸದ ಕಣ ತಯಾರ ಇದ್ದುವು. ಮಾಲಾ ಅವ್ವನ ಮಾರಿ ನೋಡಿದ್ಲು. ಮುದುಕೀ ಕಣ್ಣಾಗ ಎಂಥಾ ಆಸೆ ಇತ್ತಂದ್ರ, ಮಾಲಾಗ ಸಿಟ್ಟೂ ಬಂತು, ಅಳೂನೂ ಬಂತು.

ಶಿವಲಿಂಗ ಒಂದು ಗಳಿಗಿ ಅತ್ತಿತ್ತ ನೋಡಿದ. ಆಮ್ಯಾಲ ಚಪ್ಪಲಿ ಬಿಟ್ಟು ಬಂದು, ಕಂಬಳಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತ. ಬಾಜೂಕ ಜಾಗಾ ಬಿಟ್ಟು ಕುಂತ. ಜನಾ ಹೋ ಅಂತು. "ಕುಂದರ ಬೇ ಮಾಲಾ!" ಅಂತ ಹೆಣ್ಣುಮಕ್ಕಳು ಕೂಗಿದ್ರು. ಡೊಳ್ಳಿನಾಂವ ಯಾರೂ ಹೇಳದ ಬಾರಸಾಕ ಹತ್ತಿದ.

ಮಾಲಾ ಡೊಳ್ಳಿನ ಮ್ಯಾಲ ಅಂಗೈ ಇಟ್ಲು. ಡೊಳ್ಳು ನಿಂತಿತು. ತಂಬಿಗಿ ಕೆಳಗ ಇಟ್ಟು, ಬಸ್ಸಿನ್ಯಾಗ ಮಾತಾಡೂ ದನಿಯಾಗ ಮಾತಾಡಿದ್ಲು, ಹಿಂದಿನ ಸಾಲಿನವರಿಗೂ ಕೇಳೂ ಹಂಗ.

"ಮಾವಾ, ಪದದಾಗ ಹೇಳಿದ್ದು ಸುಳ್ಳಲ್ಲ. ಕ್ಷಮಾ ಮಾಡೀನಿ, ಮನಸಿನಿಂದ ಮಾಡೀನಿ. ಆದ್ರ ನಾ ದಿನಾ ಸ್ಟಾಪಿನ್ಯಾಗ ಇಳದವರಿಗೆ ಸಾವಕಾಶ ಹೋಗ್ರಿ ಅಂತೀನಿ. ಹಂಗಂದ್ರ ಮತ್ತ ಬಸ್ ಹತ್ರಿ ಅಂತ ಅಲ್ಲ."

ಯಾರೋ ಒಬ್ಬಾಂವ ನಕ್ಕ, ಬಂಡೆಪ್ಪ ನೋಡಿದ್ದಕ್ಕ ಸುಮ್ಮನಾದ. ಸಾವಂತ್ರವ್ವ, "ಏ ಹುಚ್ಚಿ, ಕೂಡಿ ಬಂದ ಗಳಿಗಿ ಕೆಡಿಸಬ್ಯಾಡ. ಮಂದಿ ಮುಂದ ಮರ್ಯಾದಿ..." ಅಂತ ಶುರು ಮಾಡಿದ್ಲು. ಶಿವಲಿಂಗ ಮಾರಿ ಕೆಂಪ ಮಾಡಿಕೊಂಡು ಏಳಾಕ ಹೋದ.

"ಏಳಬ್ಯಾಡ್ರಿ, ಶಿವಲಿಂಗ ಅವರ. ಕುಂದರ್ರಿ" ಅಂದ್ಲು ಮಾಲಾ. ಪ್ಯಾಸೆಂಜರಿಗೆ ಹೇಳಿದಂಗ ರೀ ಹಚ್ಚಿ ಹೇಳಿದ್ಲು. ಅಂವ ಹಂಗ ಕುಂತ. "ಆ ಕಂಬಳಿ ಮ್ಯಾಲ ಲಗ್ನ ಅಷ್ಟ ಆಗೂದಿಲ್ಲ. ತಕರಾರು ಬಂದಾಗ ನಮ್ಮ ಹಿರ್ಯಾರು ಸಾಕ್ಷಿ ಹೇಳಾವ್ರನ್ನೂ ಅದರ ಮ್ಯಾಲನ ಕೂಡಸ್ತಾರ. ಕಂಬಳಿ ಮ್ಯಾಲ ಕುಂತಾವ್ರು ಸುಳ್ಳ ಹೇಳಬಾರ್ದು. ಹೌದಿಲ್ಲೋ ಮಾವಾ?"

ಬಂಡೆಪ್ಪ ಕೋಲು ನೆಲಕ್ಕ ಊರಿದ. "ಹೌದವಾ" ಅಂದ. ದನಿ ಸಣ್ಣಗಿತ್ತು.

"ನಾ ಕರದು ಕೂಡಿಸಿಲ್ಲ. ನೀವಾಗೇ ಬಂದು ಕುಂತೀರಿ. ಅದಕ್ಕ ಒಂದ ಮಾತು ಕೇಳ್ತೀನಿ, ಪದದಾಗ ಬ್ಯಾಡ, ಬರೇ ಮಾತಿನ್ಯಾಗ. ನಿಮ್ಮ ಹಾಡಿನ್ಯಾಗ ಬಿಟ್ಟು ಹ್ವಾದಿ ಗೆಳತಿ ಅಂತ ಐತಿ. ಯಾರು ಬಿಟ್ಟವರು?"

ಶಿವಲಿಂಗ ಕಂಬಳಿ ಅಂಚು ಹಿಡಕೊಂಡಿದ್ದ. ಸ್ಟುಡಿಯೋದಾಗ ಏನ ಬೇಕಾದ್ದು ಹಾಡಿದಾಂವ, ಸಾವಿರಾರು ಮಂದಿ ಮೊಬೈಲಿನ್ಯಾಗ ಅತ್ತಾಂವ, ಅಜ್ಜ-ಮುತ್ಯಾರ ಕಾಲದ ಒಂದು ಉಣ್ಣಿ ಕಂಬಳಿ ಮ್ಯಾಲ ಕುಂತು ಬಾಯಿ ಬಿಡಾಕ ಆಗದ ಒದ್ದಾಡಿದ. ಅವ ಕೆಟ್ಟಾಂವ ಅಲ್ಲರಿ. ಕೆಟ್ಟಾಂವ ಆಗಿದ್ರ ಎದ್ದು ಹೋಗ್ತಿದ್ದ. ತಲಿ ಮ್ಯಾಲ ಎತ್ತಿ ಮಾಲಾನ ನೋಡಿದ, ಆಮ್ಯಾಲ ಮಂದಿ ಕಡಿ ನೋಡಿದ.

"ನಾನ ಬಿಟ್ಟು ಹ್ವಾದೆ" ಅಂದ. "ಆಕಿ ಬಿಟ್ಟಿಲ್ಲ. ಫೋನಿನ್ಯಾಗ ಹೇಳಿ ಬಿಟ್ಟೆ. ಮಾರಿ ತೋರ್ಸಾಕ ಆಗ್ಲಿಲ್ಲ."

ಇಷ್ಟು ದಿನಾ ಮಾಲಾ ಯಾರ ಮುಂದೂ ಬಾಯಿ ಬಿಟ್ಟು ಹೇಳಿಕೊಂಡಿದ್ದಿಲ್ಲ, ಈ ನಾಕು ಮಾತು ಅವನ ಬಾಯಿಂದ ಕೇಳೂ ಹಸಿವು ಎಷ್ಟಿತ್ತು ಅನ್ನೂದು. ಕಣ್ಣೀರು ಬಂದುವು. ಒರಿಸಿಕೊಳ್ಳಲಿಲ್ಲ.

"ಆತ್ರಿ" ಅಂದ್ಲು. "ಇಷ್ಟ ಬೇಕಾಗಿತ್ತು. ಇನ್ನ ನನ್ನ ಕಡಿಂದ ಏನೂ ಉಳದಿಲ್ಲ. ಚಂದಂಗ ಇರ್ರಿ, ಚಂದಂಗ ಹಾಡ್ರಿ."

"ಆ ಹಾಡು ತಗಸಲೇನು ಮಾಲಾ?" ಅಂತ ಅಂವ ಕೇಳಿದ.

"ಯಾಕ ತಗಸ್ತೀರಿ? ಧಾಟಿ ಚಲೋ ಐತಿ. ಇರ್ಲಿ. ಈಗ ಅದಕ್ಕ ಜವಾಬು ಐತಿ."

ಹಿಂದಿನ ಸಾಲಿನ್ಯಾಗ ಒಬ್ಬ ಹುಡುಗ ಮೊಬೈಲ್ ಕೆಳಗ ಇಳಿಸಿದ. ಎಲ್ಲಾನೂ ಹಿಡದಿದ್ದ. ಸಾವಂತ್ರವ್ವ ಕಾಯಿ, ಕುಬಸದ ಕಣ ಹಿಡಕೊಂಡು ಹಂಗ ನಿಂತಿದ್ಲು. ಫೋನಿನ ಮಾತು ಆಕೀಗೆ ಈ ಹೊತ್ತಿನ ತನಕ ಗೊತ್ತಿದ್ದಿಲ್ಲ. ಗಂಡ-ಹೆಂತಿ ನಡಕ ಏನೋ ಬಂದಿರಬೇಕು, ಇಬ್ಬರದೂ ತಪ್ಪಿರಬೇಕು, ಹಿರ್ಯಾರು ಕೂಡಿಸಿದ್ರ ಕೂಡೀತು ಅಂತ ತಿಳದಿದ್ಲು. ಮಗಳು ತನ್ನ ಮ್ಯಾಲ ಸಿಟ್ಟಾಗ್ಯಾಳೇನೋ ಅಂತ ಒಮ್ಮೆ ಮಾಲಾನ ಕಡಿ ನೋಡಿದ್ಲು. ಮಾಲಾ ಸಿಟ್ಟಾಗಿದ್ದಿಲ್ಲ. "ಬಾರವಾ, ಊಟಾ ಮಾಡೂಣು" ಅಂತ ಕೈ ಚಾಚಿದ್ಲು.

ಸಾವಂತ್ರವ್ವ ಆ ಕೈ ಹಿಡೀಲಿಲ್ಲ. ಕಾಯಿ ಅಣ್ಣನ ಕೈಯಾಗ ಕೊಟ್ಲು. ಸೆರಗು ಸರಿ ಮಾಡಿಕೊಂಡು, ಶಿವಲಿಂಗನ ಎದುರು ಹೋಗಿ ನಿಂತ್ಲು.

"ಏಳಪ್ಪಾ" ಅಂದ್ಲು. "ಕಂಬಳಿ ನನ್ನ ಮಗಳ ಮನ್ಯಾಂದು. ಮಡಚಬೇಕು."